ಮೆಟ್ಟಿಲ ಗೋಡೆಯ ಮೇಲಿನ ಆಕಾಶ

ನಾನು ಹೆಚ್ಚು ಮಾತಾಡುವವನಲ್ಲ. ಅದಕ್ಕೇ ಇರಬೇಕು, ನಾನು ಒಂದು ಮಾತು ಹೇಳಿದರೆ ಕೇಳಿದವರು ಉಳಿದ ಒಂಬತ್ತನ್ನು ತಾವೇ ಸೇರಿಸಿಕೊಂಡು ಹೋಗುತ್ತಾರೆ. ಭದ್ರಾವತಿ ನ್ಯೂಟೌನಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮನೆ, ಎರಡರ ನಡುವೆ ದಿನಾ ಬಸ್ಸು. ಇಷ್ಟೇ ಇಷ್ಟು ಓಡಾಟದಲ್ಲಿ ಇಂಥವು ಹೇಗೆ ಒಂದರ ಹಿಂದೆ ಒಂದು ಬಂದು ಕೊರಳಿಗೆ ಬೀಳುತ್ತವೆ ಅಂತ ನನಗೇ ಗೊತ್ತಾಗಿಲ್ಲ. ಈ ವರ್ಷ ಬಿದ್ದವೆಲ್ಲ ಒಂದೇ ಚಿತ್ರದ ದೆಸೆಯಿಂದ.

ಆ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಅಡ್ಡಕ್ಕೆ ಮಲಗಿಸಿದ ಮೊಟ್ಟೆಯ ಆಕಾರ, ಅದರ ತುಂಬ ನೀಲಿ, ಹಳದಿ, ಕೆಂಪು ಚುಕ್ಕೆಗಳು. ವಿಶ್ವ ಶುರುವಾಗಿ ಸುಮಾರು ಮೂರು ಲಕ್ಷ ಎಂಬತ್ತು ಸಾವಿರ ವರ್ಷವಾದಾಗ ಹೊರಟ ಬೆಳಕು ಇವತ್ತಿಗೂ ಎಲ್ಲ ದಿಕ್ಕಿನಿಂದ ನಮ್ಮ ಕಡೆ ಬರುತ್ತಲೇ ಇದೆ. ದಾರಿಯಲ್ಲಿ ತಣಿದು ತಣಿದು ಈಗ ಕಣ್ಣಿಗೆ ಕಾಣದ ಮೈಕ್ರೋವೇವ್ ಆಗಿದೆ. ಯಾವ ದಿಕ್ಕಿನದು ಕೂದಲೆಳೆಯಷ್ಟು ಬಿಸಿ, ಯಾವ ದಿಕ್ಕಿನದು ಕೂದಲೆಳೆಯಷ್ಟು ತಂಪು ಎಂದು ಅಳೆದು, ಬಿಸಿಗೆ ಕೆಂಪು, ತಂಪಿಗೆ ನೀಲಿ ಹಚ್ಚಿದ್ದೇ ಆ ನಕ್ಷೆ. ಅದರಲ್ಲಿರುವುದು ಇಡೀ ಆಕಾಶ, ತಲೆಯ ಮೇಲಿನದೂ ಕಾಲ ಕೆಳಗಿನದೂ ಸೇರಿ. ನಾವು ಇರುವುದು ಅದರ ಒಳಗೆ, ನಟ್ಟನಡುವೆ.

ಈ 'ಒಳಗೆ' ಅನ್ನುವುದೇ ತೊಡಕು. ಚಿತ್ರ ನೋಡಿದವರಿಗೆಲ್ಲ ಎಲ್ಲೋ ದೂರ ನಿಂತು ಒಂದು ಚೆಂಡನ್ನು ನೋಡುತ್ತಿರುವ ಹಾಗೆ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕು ವರ್ಷ ಹಾಗೇ ಪಾಠ ಮಾಡಿದೆ. ತಪ್ಪು ಅಂತ ಗೊತ್ತಾಗುವ ಹೊತ್ತಿಗೆ ಆ ನಾಲ್ಕು ವರ್ಷದ ಮಕ್ಕಳು ಊರೂರಿಗೆ ಹೋಗಿ ಸಂಸಾರಸ್ಥರಾಗಿದ್ದರು. ಅವರು ಇವತ್ತಿಗೂ ವಿಶ್ವವನ್ನು ಹೊರಗಿನಿಂದ ನೋಡುತ್ತಿದ್ದಾರೆ.

ಅದರ ಪ್ರಾಯಶ್ಚಿತ್ತಕ್ಕೆಂದು, ಕಾಲೇಜಿನ ಮುಖ್ಯ ಮೆಟ್ಟಿಲಿನ ಗೋಡೆಗೆ ಆ ನಕ್ಷೆಯನ್ನು ದೊಡ್ಡದಾಗಿ ಹಾಕಬೇಕು, ಹತ್ತಿಳಿಯುವವರು ದಿನಾ ನೋಡಬೇಕು ಅಂತ ಬಹಳ ದಿನದ ಆಸೆ. ಆದರೆ ಆ ಗೋಡೆ ರ‍್ಯಾಂಕ್ ಬಂದವರ ಫೋಟೋಗಳಿಗೆ ಮೀಸಲು. ನಮ್ಮ ಪ್ರಿನ್ಸಿಪಾಲರು ವಾಣಿಜ್ಯದವರು. ಬಾಯಿಮಾತಿಗೆ ಬೆಲೆ ಕೊಡುವವರಲ್ಲ, ಏನಿದ್ದರೂ ಫೈಲಿನಲ್ಲಿ ಬರಬೇಕು. ಅರ್ಜಿ ಬರೆದುಕೊಟ್ಟೆ. ಪೋಷಕರ ಸಭೆಯ ದಿನದವರೆಗೆ ತಾತ್ಕಾಲಿಕ ಅನುಮತಿ ಅಂತ ಷರಾ ಬರೆದರು. ಆಮೇಲೆ ಷರತ್ತು ಹೇಳಿದರು.

"ಆವತ್ತು ಹೊರಗಿನವರೊಬ್ಬರಿಗಾದರೂ ಇದು ಅರ್ಥ ಆಗಿ, ಅವರು ನನ್ನ ಮುಂದೆ ಬಂದು ಹೇಳಬೇಕು. ನಿಮ್ಮ ವಿದ್ಯಾರ್ಥಿಗಳೂ ಆಗಲ್ಲ, ನಿಮ್ಮ ಮನೆಯವರೂ ಆಗಲ್ಲ. ಹೇಳುವಾಗ ನೀವು ಪಕ್ಕದಲ್ಲಿ ಇರಕೂಡದು. ಹಾಗಾದರೆ ನಕ್ಷೆ ಕಾಯಂ. ಆಗದಿದ್ದರೆ ಸಂಜೆ ನಾಲ್ಕಕ್ಕೆ ರ‍್ಯಾಂಕಿನವರ ಫ್ಲೆಕ್ಸ್ ಏರುತ್ತೆ."

ಒಂದು ತಿಂಗಳಿತ್ತು. ಒಬ್ಬರಿಗೆ ಅರ್ಥ ಮಾಡಿಸಲು ಒಂದು ತಿಂಗಳು ಧಾರಾಳ ಅಂದುಕೊಂಡೆ.

ನಾಲ್ಕು ಮೂಲೆ

ಸವಳಂಗ ರಸ್ತೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಅಂಗಡಿ ಆಚೆ ಫ್ಲೆಕ್ಸ್ ಮಾಡಿಕೊಡುವವನ ಅಂಗಡಿ. ನಲವತ್ತು ದಾಟಿದ ಮನುಷ್ಯ, ಕೆಲಸದಲ್ಲಿ ಶ್ರದ್ಧೆ ಇರುವವನು. ಹುಟ್ಟುಹಬ್ಬ, ಗೃಹಪ್ರವೇಶ, ಚುನಾವಣೆ, ಶ್ರದ್ಧಾಂಜಲಿ, ಮನುಷ್ಯನ ಬಾಳಿನ ಎಲ್ಲ ಹಂತಕ್ಕೂ ಅವನಲ್ಲಿ ಒಂದೊಂದು ಅಚ್ಚು ಸಿದ್ಧವಿರುತ್ತದೆ. ಪೆನ್ ಡ್ರೈವ್ ಕೊಟ್ಟು, ಆರಡಿ ಉದ್ದ, ನಾಲ್ಕಡಿ ಎತ್ತರ ಅಂದೆ. ಮತ್ತೇನೂ ಹೇಳಲಿಲ್ಲ. ಅದೇ ತಪ್ಪು.

ಸಂಜೆ ಹೋದಾಗ ಫ್ಲೆಕ್ಸನ್ನು ನೆಲದ ಮೇಲೆ ಹರಡಿ ತೋರಿಸಿದ. ಮೊಟ್ಟೆ ಇತ್ತು. ಒಳಗೆ ಒಂದೇ ಬಣ್ಣ. ತಿಳಿ ಹಸಿರು. ಅಂಚಿನಿಂದ ಅಂಚಿಗೆ ಒಂದು ಕಲೆಯಿಲ್ಲ.

ಚುಕ್ಕೆಗಳು ಏನಾದವು ಅಂತ ಕೇಳಿದೆ.

"ನಿಮ್ಮ ಫೋಟೋ ಪೂರ್ತಿ ಗ್ರೇನ್ಸ್ ಬಂದ್ಬಿಟ್ಟಿತ್ತು ಸಾರ್. ಕತ್ತಲಲ್ಲಿ ಮೊಬೈಲಲ್ಲಿ ತೆಗೆದಿದ್ದಾರೆ ಅನ್ಸುತ್ತೆ. ಎರಡು ಗಂಟೆ ಕೂತು ಕ್ಲೀನ್ ಮಾಡಿದೀನಿ."

ಮದುಮಕ್ಕಳ ಮುಖದ ಮೇಲಿನ ಮೊಡವೆ ತೆಗೆಯುವುದರಲ್ಲಿ ಶಿವಮೊಗ್ಗಕ್ಕೆ ಅವನು ಹೆಸರುವಾಸಿ. ಆ ವಿದ್ಯೆಯನ್ನೆಲ್ಲ ನನ್ನ ಆಕಾಶದ ಮೇಲೆ ಧಾರೆ ಎರೆದಿದ್ದ. ಅಷ್ಟೇ ಅಲ್ಲ. ಮೊಟ್ಟೆಯಾಕಾರವನ್ನು ಆಯತದಲ್ಲಿಟ್ಟರೆ ನಾಲ್ಕು ಮೂಲೆ ಖಾಲಿ ಉಳಿಯುತ್ತವಲ್ಲ, ಹಾಗೆ ಖಾಲಿ ಬಿಡುವುದು ಲಕ್ಷಣವಲ್ಲವೆಂದು ಮೂಲೆಗೊಂದು ದುಂಡು ಚೌಕಟ್ಟು ಕೂರಿಸಿ, ಕೆಳಗೆ 'ಶುಭ ಕೋರುವವರು' ಎಂದು ಬರೆದಿದ್ದ. ಮೂರರಲ್ಲಿ ಹೂವು. ನಾಲ್ಕನೆಯದರಲ್ಲಿ ನಾನು, ಯಾವುದೋ ಹಳೆಯ ಸನ್ಮಾನದ ಫ್ಲೆಕ್ಸಿನಿಂದ ಕಿತ್ತ ಫೋಟೋ, ಕೊರಳಲ್ಲಿ ಹಾರ. ವಿಶ್ವಕ್ಕೆ ನಾನು ಶುಭ ಕೋರುತ್ತಿದ್ದೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಆ ಮನುಷ್ಯ ಮಾಡಿದ್ದು ಒಂದು ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಆ ಚುಕ್ಕೆಗಳ ನಡುವಿನ ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲು ಮಾತ್ರ. ಮೈಕ್ರೋವೇವ್ ಕಾಣುವ ಕಣ್ಣು ನಮಗಿದ್ದಿದ್ದರೆ, ಆಕಾಶ ಥೇಟ್ ಅವನು ಮಾಡಿದ ಹಾಗೆ ನುಣ್ಣಗೆ, ಒಂದೇ ಬಣ್ಣವಾಗಿ ಕಾಣುತ್ತಿತ್ತು. ಅದರಲ್ಲಿ ಚುಕ್ಕೆ ಇದೆ ಅಂತ ಕಂಡುಹಿಡಿಯಲು ವಿಜ್ಞಾನಿಗಳಿಗೆ ದಶಕಗಳು ಹಿಡಿದವು. ಇವನು ಎರಡು ಗಂಟೆಯಲ್ಲಿ ಒರೆಸಿ ಹಾಕಿದ್ದ.

ನಿನ್ನದೇ ಹೆಚ್ಚು ನಿಜ ಕಣಪ್ಪ, ಆದರೂ ನನಗೆ ಚುಕ್ಕೆ ಇರುವುದೇ ಬೇಕು, ಹಾಗೇ ಇನ್ನೊಂದು ಮಾಡಿಕೊಡು ಅಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಇಪ್ಪತ್ತು ವರ್ಷದ ಸರ್ವೀಸಲ್ಲಿ, ಮೊಡವೆ ಬೇಕೇ ಬೇಕು ಅಂದ ಗಿರಾಕಿ ನೀವೇ ಮೊದಲು ಸಾರ್."

ಮಲವಗೊಪ್ಪದವರೆಗೆ

ಮೊಡವೆ ಸಮೇತದ ಫ್ಲೆಕ್ಸನ್ನು ಸುರುಳಿ ಸುತ್ತಿ ಬೆಳಗ್ಗೆ ಬಸ್ಸು ಹತ್ತಿದೆ. ನಾಲ್ಕಡಿ ಉದ್ದದ ಸುರುಳಿ. ಅದು ಎದುರಿನವರ ಗಲ್ಲಕ್ಕೆ ತಾಗದ ಹಾಗೆ ಹಿಡಿದು ನಿಂತೆ. ಪಕ್ಕದ ಸೀಟಿನಲ್ಲಿ ಪಂಚೆ ಉಟ್ಟ ಯಜಮಾನರೊಬ್ಬರಿದ್ದರು. ಏನದು ಅಂತ ಕೇಳಿದರು.

"ನಕ್ಷೆ" ಅಂದೆ.

ನಾನು ಆಗಲೇ ಹೇಳಿದೆನಲ್ಲ, ಒಂದು ಮಾತಿಗೆ ಒಂಬತ್ತು ಸೇರುತ್ತವೆ ಅಂತ. ನಮ್ಮ ಕಡೆ ರಸ್ತೆ ಅಗಲ ಮಾಡುವ ಸುದ್ದಿ ಸದಾ ಒಲೆಯ ಮೇಲೆ ಇರುವಂಥದ್ದು. ಯಾರ ಕಾಂಪೌಂಡು ಉಳಿಯುತ್ತದೆ, ಯಾರ ಜಗಲಿ ಹೋಗುತ್ತದೆ ಎನ್ನುವುದು ಎರಡೂ ಊರಿನ ನಡುವಿನವರಿಗೆ ನಿತ್ಯದ ಚಿಂತೆ. ಇಸ್ತ್ರಿ ಅಂಗಿ, ಕನ್ನಡಕ, ಕೈಯಲ್ಲಿ ಸುರುಳಿ, ಮಾತು ಕಮ್ಮಿ. ಸರ್ವೆ ಇಲಾಖೆಯವನಾಗಲು ಇನ್ನೇನು ಬೇಕು? ಯಜಮಾನರು ಎದ್ದು ನಿಂತು ತಮ್ಮ ಸೀಟು ನನಗೆ ಕೊಟ್ಟರು. ಬೇಡವೆಂದರೂ ಬಿಡಲಿಲ್ಲ. ಆಮೇಲೆ ಬಹಳ ವಿನಯದಿಂದ, ಸ್ವಲ್ಪ ಬಿಚ್ಚಿ ತೋರಿಸಬಹುದಾ ಅಂದರು.

ಒಂದು ತಿಂಗಳಲ್ಲಿ ಒಬ್ಬರಿಗೆ ಅರ್ಥ ಮಾಡಿಸಬೇಕಿತ್ತಲ್ಲ, ಇವರೇ ಆ ಒಬ್ಬರು ಯಾಕಾಗಬಾರದು ಅನಿಸಿತು. ಬಿಚ್ಚಿದೆ. ಆ ತುದಿ ಅವರು ಹಿಡಿದರು, ಈ ತುದಿ ನಾನು ಹಿಡಿದೆ. ಮುಂದಿನ ಮೂರು ಸೀಟಿನವರು ತಿರುಗಿದರು. ಹಿಂದಿನವರು ಎದ್ದು ಬಂದರು. ಕಂಡಕ್ಟರ್ ಟಿಕೆಟ್ ಕೊಡುವುದು ನಿಲ್ಲಿಸಿ ಬಗ್ಗಿ ನೋಡಿದ.

"ಕೆಂಪು ಬಂದಿರೋದೆಲ್ಲ ಹೋಗುತ್ತಾ ಸಾರ್?" ಯಜಮಾನರ ದನಿ ಸಣ್ಣಗಾಗಿತ್ತು.

ಏನೂ ಹೋಗಲ್ಲ, ಕೆಂಪಂದರೆ ಸ್ವಲ್ಪ ಬಿಸಿ ಇದೆ ಅಂತ ಅಷ್ಟೇ ಅಂದೆ. ಕೋರ್ಟಲ್ಲಿ ಕೇಸಿದೆ ಅಂತ ಹೇಳ್ತಿದ್ದಾರೆ ಎಂದು ಹಿಂದಿನ ಸೀಟಿನಿಂದ ಯಾರೋ ವಿವರಿಸಿದರು. ಹೌದೌದು, ಬಿಸಿ ಇರೋದೆಲ್ಲ ಅಂಥವೇ ಅಂತ ಇನ್ನೊಬ್ಬರು ಒಪ್ಪಿದರು. ಇದರಲ್ಲಿ ಮಲವಗೊಪ್ಪ ಎಲ್ಲಿ ಬರುತ್ತದೆ ಅಂತ ಯಜಮಾನರು ಕೇಳಿದರು. ಅವರ ಮನೆ ಅಲ್ಲಿ, ರಸ್ತೆಗೆ ಅಂಟಿಕೊಂಡೇ ಇತ್ತಂತೆ.

ನಾನು ನಿಜವನ್ನೇ ಹೇಳಿದೆ. ಮಲವಗೊಪ್ಪ ಇದರಲ್ಲಿ ಇಲ್ಲ. ಶಿವಮೊಗ್ಗವೂ ಇಲ್ಲ, ಭದ್ರಾವತಿಯೂ ಇಲ್ಲ. ನಾವೆಲ್ಲ ಮಧ್ಯದಲ್ಲಿದ್ದೇವೆ, ಇದು ನಮ್ಮನ್ನು ಸುತ್ತುವರಿದು ಇರುವಂಥದ್ದು, ಬಹಳ ಬಹಳ ದೂರ.

ಯಜಮಾನರು ಉಸಿರು ಬಿಟ್ಟರು.

"ಹಂಗಾದ್ರೆ ರಿಂಗ್ ರೋಡು ಅನ್ನಿ."

ಮಲವಗೊಪ್ಪ ಬಂತು. ಇಳಿಯುವ ಮುಂಚೆ ನನ್ನ ಕೈ ಹಿಡಿದು, ನಮ್ಮೂರನ್ನು ಪೂರ್ತಿ ಬಿಟ್ಟಿದ್ದೀರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ ಅಂದರು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತ್ತು. ಕಿಟಕಿಯಿಂದ ನೋಡಿದರೆ, ಅವರು ಸ್ಟಾಪಿನಲ್ಲಿದ್ದವರಿಗೆಲ್ಲ ಕೈಯಲ್ಲಿ ದೊಡ್ಡ ಸುತ್ತು ಬರೆದು ತೋರಿಸುತ್ತಿದ್ದರು.

ಮಾರನೆಯ ದಿನ ಅದೇ ಸ್ಟಾಪಿನಲ್ಲಿ ಹತ್ತಿದ ಹೆಂಗಸೊಬ್ಬರು ನೇರ ನನ್ನ ಹತ್ತಿರ ಬಂದು ಒಂದು ಚೀಲ ಬದನೆಕಾಯಿ ನನ್ನ ತೊಡೆಯ ಮೇಲಿಟ್ಟರು. ನಮ್ಮ ಅಕ್ಕನ ಮನೆ ಹೊಳೆಹೊನ್ನೂರು ರಸ್ತೆಯಲ್ಲಿದೆ, ಅದನ್ನೂ ಒಂಚೂರು ಬಿಟ್ಟು ಹಾಕಿ ಸಾರ್ ಅಂದರು.

ಪದಾರ್ಥದ ಹೆಸರು

ನಕ್ಷೆ ಗೋಡೆಗೆ ಏರಿತು. ಮೊದಲ ದಿನ ಅದರ ಮುಂದೆ ನಿಂತವರು ನಮ್ಮ ಸಂಸ್ಕೃತ ವಿಭಾಗದ ಮೇಷ್ಟ್ರು. ಬಹಳ ಹೊತ್ತು ನೋಡಿ, ಚಪ್ಪಲಿ ಬಿಟ್ಟು ಕೈಮುಗಿದರು.

"ಅಂತೂ ನಿಮ್ಮವರೂ ಒಪ್ಪಿದರಲ್ಲ. ಬ್ರಹ್ಮಾಂಡ ಅಂತ ಸುಮ್ಮನೆ ಅಂದರಾ ಹಿರಿಯರು? ನೋಡಿ, ಅಂಡವೇ."

ಆ ಆಕಾರ ಆಕಾಶದ್ದಲ್ಲ, ಕಾಗದದ್ದು ಅಂದೆ. ದುಂಡಗಿನದನ್ನು ಚಪ್ಪಟೆ ಮಾಡಿ ಹರಡುವಾಗ ಒಂದು ಆಕಾರ ಕೊಡಬೇಕಲ್ಲ, ಹಾಗೆ ಕೊಟ್ಟದ್ದು. ಅವರು ನಂಬಲಿಲ್ಲ. ಕರೆದುಕೊಂಡು ಹೋಗಿ ಭೂಗೋಳ ವಿಭಾಗದ ಗೋಡೆಯಲ್ಲಿದ್ದ ಪ್ರಪಂಚದ ಭೂಪಟ ತೋರಿಸಿದೆ. ಅದೂ ಅದೇ ಮೊಟ್ಟೆಯಾಕಾರದಲ್ಲಿತ್ತು. ಭೂಮಿ ದುಂಡಗಿರುವುದು ನಿಮಗೆ ಗೊತ್ತಲ್ಲ, ಇಲ್ಲಿ ಹೀಗೆ ಕಾಣುತ್ತಿದೆ, ಅದೂ ಹೀಗೇ ಅಂದೆ. ಅವರು ಎರಡು ನಿಮಿಷ ಯೋಚಿಸಿದರು. ಮುಖ ಅರಳಿತು.

"ಅಂದರೆ ಭೂಮಿಯೂ ಅಂಡವೇ."

ನನ್ನ ಶಕ್ತಿ ಅಲ್ಲಿಗೆ ಮುಗಿಯಿತು. ಆಗ ಪಕ್ಕದಲ್ಲಿ ಬೆಂಚು ಒರೆಸುತ್ತಿದ್ದ ಅಟೆಂಡರ್, ರಿಟೈರ್ ಆಗಲು ಎರಡು ವರ್ಷ ಉಳಿದಿದ್ದ ಹಿರಿಯ, ತನ್ನ ಪಾಡಿಗೆ ತಾನು ಅಂದ. "ಸಾರ್ ಹೇಳ್ತಿರೋದು ಅದಲ್ಲ ಮಾರಾಯ್ರೆ. ದುಂಡಗಿದ್ದುದನ್ನ ಒಡೆದು ಕಾವಲಿ ಮೇಲೆ ಹರಡಿದ್ದು. ಆಮ್ಲೆಟ್ಟು."

ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಸರಿ ಉತ್ತರಕ್ಕೆ ಅಷ್ಟು ಹತ್ತಿರ ಬಂದವನು ಅವನೊಬ್ಬನೇ. ಆದರೆ ಸಂಸ್ಕೃತದ ಮೇಷ್ಟ್ರು ಈರುಳ್ಳಿಯನ್ನೂ ತಿನ್ನದವರು. ಕೈಮುಗಿದ ವಸ್ತುವಿಗೆ ಇಂಥ ಗತಿ ಬಂದದ್ದನ್ನು ಸಹಿಸಲಾರದೆ ಹೊರಟುಹೋದರು. ಅಟೆಂಡರನ ಮಾತು ಮಾತ್ರ ಉಳಿಯಿತು. ಎರಡು ದಿನದಲ್ಲಿ ಇಡೀ ಕಾಲೇಜು ಆ ಜಾಗವನ್ನು ಆಮ್ಲೆಟ್ ಮೆಟ್ಟಿಲು ಅನ್ನತೊಡಗಿತು. ಮೂರನೆಯ ದಿನ ಪ್ರಿನ್ಸಿಪಾಲರ ಕೋಣೆಯಿಂದ ನನಗೊಂದು ಜ್ಞಾಪನ ಬಂತು:

'ಕಾಲೇಜಿನ ಮುಖ್ಯ ಮೆಟ್ಟಿಲಿಗೆ ಆಹಾರ ಪದಾರ್ಥವೊಂದರ ಹೆಸರು ಬಂದಿರುವ ಬಗ್ಗೆ ತಮ್ಮ ಲಿಖಿತ ವಿವರಣೆಯನ್ನು ಸಲ್ಲಿಸುವುದು.'

ಎರಡು ಕೊಡೆ

ಮೂರು ವಾರ ಕಳೆದವು. ನನ್ನ ಪಾಡು ನೋಡಲಾರದೆ ಒಂದು ಭಾನುವಾರ ಹೆಂಡತಿಯೇ ಕೇಳಿದಳು, ಅದೇನು ಒಂದು ಸಲ ನನಗೆ ಹೇಳಿ ಅಂತ. ಹೇಳಿದೆ. ಅವಳು ಕೇಳಿಸಿಕೊಂಡು ಅಂದಳು:

"ನೀವು ಒಳಗಿನ ಸಂಗತಿಯನ್ನ ಹೊರಗೆ ನಿಲ್ಲಿಸಿ ಹೇಳ್ತೀರಿ. ಒಳಗೆ ಕೂರಿಸಿ ತೋರಿಸಿ."

ಎದ್ದು ಹೋಗಿ ಮನೆಯ ಎರಡು ದೊಡ್ಡ ಕೊಡೆ ತಂದಳು. ಬೀರುವಿನಿಂದ ಹಣೆಗಿಡುವ ಸ್ಟಿಕ್ಕರುಗಳ ಹಾಳೆಗಳನ್ನು ತಂದಳು. ಕೆಂಪು, ನೀಲಿ, ಹಳದಿ. ಇಬ್ಬರೂ ಕೂತು ಕೊಡೆಗಳ ಒಳಮೈಗೆ ಅಂಟಿಸಿದೆವು. ಜಗಲಿಯಲ್ಲಿ ಒಂದು ಕೊಡೆಯನ್ನು ಅಂಗಾತ ಬಿಚ್ಚಿಟ್ಟು, ಅದರೊಳಗೆ ನನ್ನ ಕಾಲು ಇಡಿಸಿ, ಕುಳ್ಳು ಸ್ಟೂಲಿನ ಮೇಲೆ ಕೂರಿಸಿದಳು. ಇನ್ನೊಂದನ್ನು ತಲೆಯ ಮೇಲೆ ಹಿಡಿಯಲು ಹೇಳಿ, ಒಲೆಯ ಮೇಲೆ ಸಾರು ಇದೆ ಅಂತ ಒಳಗೆ ಹೋದಳು.

ನಾನು ಕೂತೆ. ಮೇಲೆ ನೋಡಿದೆ, ಕೆಳಗೆ ನೋಡಿದೆ, ನಿಧಾನ ಸುತ್ತ ನೋಡಿದೆ. ಎಲ್ಲಿ ನೋಡಿದರೂ ಚುಕ್ಕೆ, ನಡುವೆ ನಾನು. ಇಷ್ಟು ವರ್ಷ ಗೊತ್ತಿದ್ದದ್ದೇ. ಆದರೂ ಆವತ್ತು ಮೊದಲ ಸಲ ಮೈಗೆ ತಾಗಿದ ಹಾಗಾಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ತಲೆ ತಗ್ಗಿಸಿದಾಗ ಗೇಟಿನ ಹತ್ತಿರ ಪಕ್ಕದ ಮನೆಯ ಅಮ್ಮ ನಿಂತಿದ್ದರು. ಹೆಪ್ಪಿಗೆ ಮೊಸರು ಕೇಳಲು ಬಂದವರು, ಕೈಯಲ್ಲಿ ಬಟ್ಟಲು. ಬಿಸಿಲು ಚೆನ್ನಾಗಿ ಕಾಯುತ್ತಿತ್ತು. ಮೋಡದ ಸುಳಿವಿರಲಿಲ್ಲ.

ಅವರು ಬಟ್ಟಲನ್ನು ಕಂಕುಳಿಗೆ ಸಿಕ್ಕಿಸಿ ಮೆಲ್ಲಗೆ ನಮಸ್ಕಾರ ಮಾಡಿ, ಶಬ್ದವಾಗದ ಹಾಗೆ ಹಿತ್ತಿಲ ಬಾಗಿಲಿಗೆ ಹೋದರು. ಅಡುಗೆಮನೆಯಿಂದ ಅವರ ಪಿಸುಮಾತು ಕೇಳಿಸಿತು. ಇದು ಯಾವ ವ್ರತ, ಕುಂಕುಮದ ಬದಲು ಸ್ಟಿಕ್ಕರ್ ಆಗುತ್ತದಾ, ಗಂಡಸರೇ ಮಾಡಬೇಕಾ. ನನ್ನ ಹೆಂಡತಿಗೆ ನಗು ತಡೆಯಲಾಗದೆ ಮಾತೇ ಹೊರಡಲಿಲ್ಲ. ಅವರನ್ನೇ ಕೇಳಿ ಅಂತ ಮುಂದಕ್ಕೆ ಕಳಿಸಿದಳು.

ಅಮ್ಮ ಬಂದು ಜಗಲಿಯ ಕೆಳಗೆ ನಿಂತು ಕೇಳಿದರು. "ಇದು ಎಷ್ಟು ದಿನದ್ದು ಸಾರ್?"

ನಾನು ಬೆಳಕಿನ ವಿಚಾರ ಕೇಳುತ್ತಿದ್ದಾರೆ ಅಂದುಕೊಂಡೆ. ಹೆಚ್ಚುಕಮ್ಮಿ ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷದ್ದು ಅಂದೆ.

ಅವರು ಮನಸ್ಸಿನಲ್ಲೇ ಏನೋ ಹೊಂದಿಸಿಕೊಂಡರು.

"ಅಷ್ಟು ನಮ್ಮ ಕೈಲಿ ಆಗಲ್ಲ. ಒಂಬತ್ತು ಶುಕ್ರವಾರ ಮಾಡಿದ್ರೆ ಸಾಕಾ?"

ಮೇಸ್ತ್ರಿ

ಪೋಷಕರ ಸಭೆಯ ದಿನ ಬಂತು. ಎರಡೂ ಕೊಡೆ ಹಿಡಿದು ಬೆಳಗ್ಗೆಯಿಂದ ಮೆಟ್ಟಿಲಲ್ಲಿ ನಿಂತೆ. ಬಂದವರು ಮಗನ ಹಾಜರಿ ಕೇಳಿದರು, ಪರೀಕ್ಷೆ ಯಾವಾಗ ಅಂತ ಕೇಳಿದರು, ಕ್ಯಾಂಟೀನು ಎಲ್ಲಿ ಅಂತ ಕೇಳಿದರು. ಒಬ್ಬರು ನಕ್ಷೆಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಯಾವ ನಂಬರೂ ಕಾಣುತ್ತಿಲ್ಲವಲ್ಲ ಅಂತ ಗಾಬರಿಯಾದರು. ಚುಕ್ಕೆಗಳ ನಡುವೆ ಅಂಕಿ ಅಡಗಿಸಿ ಬಣ್ಣಗುರುಡು ಪರೀಕ್ಷಿಸುತ್ತಾರಲ್ಲ, ಅದು ಅಂದುಕೊಂಡಿದ್ದರು. ಅವರ ಕಣ್ಣು ಸರಿಯಾಗಿದೆ ಅಂತ ನಂಬಿಸುವುದರಲ್ಲೇ ಅರ್ಧ ಗಂಟೆ ಹೋಯಿತು.

ಮಧ್ಯಾಹ್ನ ಮೂರಾಯಿತು. ಅಟೆಂಡರ್ ಏಣಿ ತಂದು ಗೋಡೆಗೆ ಒರಗಿಸಿದ. ಪಕ್ಕದಲ್ಲಿ ರ‍್ಯಾಂಕಿನವರ ಫ್ಲೆಕ್ಸಿನ ಸುರುಳಿ ಇಟ್ಟ. ನನ್ನ ಮುಖ ನೋಡಿ, ಇನ್ನೂ ಒಂದು ಗಂಟೆ ಇದೆ ಸಾರ್, ನಾನು ನಿಧಾನಕ್ಕೇ ಹತ್ತೋದು ಅಂದ.

ಆಗ ಒಬ್ಬರು ಮುದುಕರು ಬಂದರು. ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಕನ್ನಡಕ. ಮೊಮ್ಮಗಳು ನಮ್ಮಲ್ಲಿ ಮೊದಲ ವರ್ಷ ಓದುತ್ತಿದ್ದಳು. ಉಕ್ಕಿನ ಕಾರ್ಖಾನೆಯಲ್ಲಿ ಫರ್ನೆಸ್ಸಿನ ಒಳಗೋಡೆಗೆ ಇಟ್ಟಿಗೆ ಕಟ್ಟುವ ಮೇಸ್ತ್ರಿಯಾಗಿದ್ದವರಂತೆ. ಮನೆಮಾತು ತಮಿಳು, ಕಾರ್ಖಾನೆಯ ಮಾತು ಕನ್ನಡ. ಇಟ್ಟಿಗೆ ಎಣಿಸುವುದು ಮಾತ್ರ ತೆಲುಗಿನಲ್ಲಿ, ಕೆಲಸ ಕಲಿಸಿದ ಗುರು ಹಾಗೆ ಎಣಿಸುತ್ತಿದ್ದರಂತೆ. ಅವರು ನಕ್ಷೆಯ ಮುಂದೆ ನಿಂತು ಕನ್ನಡಕ ಹಾಕಿಕೊಂಡರು. ಕೈ ಹಿಂದೆ ಕಟ್ಟಿಕೊಂಡು ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಒಂದು ಸಲ ನಡೆದರು. ನಾನು ಕೊಡೆ ಬಿಚ್ಚಲು ಹೋದೆ. ಬೇಡ ಅಂತ ಕೈ ಅಡ್ಡ ಮಾಡಿದರು.

"ಇದರಲ್ಲಿ ಬಿಸಿ ಯಾವುದು?"

ಕೆಂಪು ಅಂದೆ.

"ತಪ್ಪು. ಕೆಂಪು ಅಂದ್ರೆ ಫರ್ನೆಸ್ಸು ಆರ್ತಾ ಇದೆ ಅಂತ. ಕೆಂಪು, ಆಮೇಲೆ ಹಳದಿ, ಆಮೇಲೆ ಬಿಳಿ. ಅದಕ್ಕೂ ಮೇಲೆ ಹೋದ್ರೆ ನೀಲಿ. ಮೂವತ್ತು ವರ್ಷ ನೋಡಿದೀನಿ. ಯಾರು ಸಾರ್ ಇದನ್ನ ಬರೆದಿದ್ದು? ನಲ್ಲಿ ಫಿಟ್ ಮಾಡೋರಾ?"

ಸ್ನಾನದ ಮನೆಯ ನಲ್ಲಿಯಲ್ಲಿ ಮಾತ್ರ ಬಿಸಿಗೆ ಕೆಂಪು, ತಣ್ಣಗಿನದಕ್ಕೆ ನೀಲಿ. ಅವರ ಮಾತು ನೂರಕ್ಕೆ ನೂರು ಸರಿ. ನಕ್ಷೆ ಬರೆದವರು ಜನ ಬಳಸುವ ಬಣ್ಣವನ್ನೇ ಹಾಕಿದ್ದಾರೆ, ಭೌತಶಾಸ್ತ್ರದ ಪ್ರಕಾರ ನೀವೇ ಸರಿ ಅಂತ ಒಪ್ಪಿಕೊಂಡೆ. ಅವರಿಗೆ ಸಮಾಧಾನವಾಯಿತು. ಮತ್ತೆ ನಕ್ಷೆಯ ಕಡೆ ತಿರುಗಿದರು.

"ಇದು ಒಳಗಿಂದ ನೋಡಿದ್ದು ಅಲ್ವಾ?"

ನಾನು ಆ ವಿಷಯ ಇನ್ನೂ ಎತ್ತಿಯೇ ಇರಲಿಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅದರಲ್ಲೇನಿದೆ ಅಂದರು. ಫರ್ನೆಸ್ಸು ಆರಿಸಿ ತಣ್ಣಗಾದ ಮೇಲೆ ಇವರು ಒಳಗೆ ಇಳಿಯುತ್ತಿದ್ದರು. ನಡುವೆ ನಿಂತು ಟಾರ್ಚು ಬಿಟ್ಟು ಸುತ್ತಲಿನ ಇಟ್ಟಿಗೆ ನೋಡುವುದು, ಎಲ್ಲಿ ಸವೆದಿದೆ, ಎಲ್ಲಿ ಕಿಟ್ಟ ಕಟ್ಟಿದೆ ಅಂತ. ಹೊರಗೆ ಬಂದು ಕಾಗದದ ಮೇಲೆ ಅದನ್ನೇ ಬರೆದು ಸಾಹೇಬರಿಗೆ ಕೊಡುವುದು. ದುಂಡು ಗೋಡೆಯನ್ನು ಒಂದು ಕಡೆ ಸೀಳಿ ಹರಡಿದ ಹಾಗೆ ಬರೆಯಬೇಕು. ಮೇಲ್ಗಡೆ ಚಾವಣಿ, ಕೆಳಗಡೆ ತಳ. ಅವರು ನಕ್ಷೆಯ ಎಡ ತುದಿಯಲ್ಲೊಂದು ಬೆರಳು, ಬಲ ತುದಿಯಲ್ಲೊಂದು ಬೆರಳು ಇಡಲು ಹೋದರು. ಆರಡಿಗೆ ಕೈ ಎಟುಕಲಿಲ್ಲ. ಅಟೆಂಡರನನ್ನು ಆ ಕಡೆ ಬೆರಳಿಡಲು ಹೇಳಿ, ಇವೆರಡೂ ಒಂದೇ ಜಾಗ, ಸೇರಿಸಿದ್ರೆ ಕೂಡ್ಕೊಳ್ತವೆ ಅಂದರು.

ಇದು ವಿಶ್ವದ ಹಳೇ ಬೆಂಕಿಯ ಬೆಳಕು, ಇವತ್ತಿಗೂ ಎಲ್ಲ ದಿಕ್ಕಿನಿಂದ ನಮ್ಮ ಕಡೆ ಬರುತ್ತಿದೆ ಅಂದೆ. ಈ ಫರ್ನೆಸ್ಸು ಎಷ್ಟು ಬಿಸಿ ಇತ್ತು ಅಂತ ಕೇಳಿದರು. ಆ ಬೆಳಕು ಹೊರಟಾಗ ಸುಮಾರು ಮೂರು ಸಾವಿರ ಡಿಗ್ರಿ ಅಂದೆ. ನಮ್ಮದು ಸಾವಿರದ ಆರುನೂರು ಅಂತ ಗೌರವದಿಂದ ತಲೆ ಆಡಿಸಿದರು. ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅವರ ತೋಳು ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಬಿಟ್ಟು, ಷರತ್ತಿನಂತೆ ನಾನು ಬಾಗಿಲ ಹೊರಗೆ ನಿಂತೆ.

ಒಳಗಿನ ಮಾತು ಚೆನ್ನಾಗಿ ಕೇಳುತ್ತಿತ್ತು. ಮೇಸ್ತ್ರಿ ಎಲ್ಲವನ್ನೂ ಹೇಳಿದರು. ಹಳೇ ಬೆಂಕಿ, ಎಲ್ಲ ಕಡೆಯಿಂದ ಬರುವ ಅದರ ಬೆಳಕು, ಒಳಗಿಂದ ನೋಡಿದ್ದು, ಸೀಳಿ ಹರಡಿದ್ದು. ಬಣ್ಣ ಹಚ್ಚಿದವರ ತಪ್ಪನ್ನೂ ಬಿಡಲಿಲ್ಲ. ಪ್ರಿನ್ಸಿಪಾಲರು ಲೆಕ್ಕ ತಪಾಸಣೆಯವರ ಹಾಗೆ ಅಡ್ಡ ಪ್ರಶ್ನೆ ಹಾಕಿದರು. ಎಲ್ಲ ಸರಿ, ಇದರಲ್ಲಿ ನಾವು ಎಲ್ಲಿದ್ದೇವೆ, ಅದನ್ನೇ ತೋರಿಸಿಲ್ಲವಲ್ಲ ಅಂದರು.

"ನಾವು ಒಳಗಿದೀವಲ್ಲ ಸಾರ್. ಟಾರ್ಚು ಹಿಡಿದವನನ್ನ ಗೋಡೆ ಮೇಲೆ ಹುಡುಕ್ತಾರಾ?"

ಆಮೇಲೆ ಪ್ರಿನ್ಸಿಪಾಲರ ಧ್ವನಿ, ನನಗೂ ಈಗ ಅರ್ಥ ಆಯ್ತು ಅಂತ. ನಾನು ಗೋಡೆಗೆ ಒರಗಿಕೊಂಡೆ. ಫೈಲಿನ ಹಾಳೆ ಮಗುಚುವ ಸದ್ದು, ಪೆನ್ನಿನ ಮುಚ್ಚಳ ತೆಗೆದ ಸದ್ದು. ನಕ್ಷೆಯನ್ನು ಪರಿಶೀಲಿಸಿದ್ದೇನೆ, ಸರಿಯಾಗಿದೆ ಅಂತ ಬರೆದಿದ್ದೇನೆ, ಇಲ್ಲೊಂದು ಸಹಿ ಹಾಕಿ ಯಜಮಾನರೇ ಅಂದರು.

"ಸಹಿ ಹಾಕಲ್ಲ ಸಾರ್."

ನಾನು ನೆಟ್ಟಗೆ ನಿಂತೆ.

"ಬಾಗಿಲು ಗುರುತು ಹಾಕಿಲ್ಲ ಇದರಲ್ಲಿ. ನಮ್ಮಲ್ಲಿ ಏನೇ ಬಿಟ್ರೂ ಬಾಗಿಲು ಬಿಡೋ ಹಾಗಿಲ್ಲ. ಒಳಗೆ ಹೋದೋನು ಯಾವ ಕಡೆಯಿಂದ ಹೊರಗೆ ಬರ್ಬೇಕು ಅಂತ ನಕ್ಷೆ ನೋಡಿದ ಕೂಡ್ಲೆ ಗೊತ್ತಾಗ್ಬೇಕು. ಬಾಗಿಲಿಲ್ಲದ ನಕ್ಷೆಗೆ ನಾನು ಒಂದು ದಿನಾನೂ ಸಹಿ ಹಾಕಿದೋನಲ್ಲ."

ನನ್ನನ್ನು ಒಳಗೆ ಕರೆದರು. ಪ್ರಿನ್ಸಿಪಾಲರು ಪೆನ್ನು ಹಿಡಿದೇ ಕೇಳಿದರು, ಇವರು ಅನುಭವಸ್ಥರು, ನ್ಯಾಯವಾಗೇ ಕೇಳುತ್ತಿದ್ದಾರೆ, ಬಾಗಿಲು ಎಲ್ಲಿ ಅಂತ. ಕಿಟಕಿಯಾಚೆ ಏಣಿಯ ಮೊದಲ ಮೆಟ್ಟಿಲ ಮೇಲೆ ಅಟೆಂಡರ್ ಒಂದು ಕಾಲಿಟ್ಟು ನಮ್ಮ ಕಡೆಯೇ ನೋಡುತ್ತಿದ್ದ. ಮೂವತ್ತು ದಿನದ ಪಾಡು ಒಂದು ಬಾಗಿಲಿಗೆ ಸಿಕ್ಕಿಕೊಂಡಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಇನ್ನೂ ಸಿಕ್ಕಿಲ್ಲ ಸಾರ್" ಅಂದೆ.

"ಹುಡುಕ್ತಾ ಇದ್ದಾರಾ?"

ಎಲ್ಲ ದೇಶದವರೂ ಹುಡುಕುತ್ತಿದ್ದಾರೆ ಅಂದೆ.

ಪ್ರಿನ್ಸಿಪಾಲರು ಮೊದಲು ಬರೆದದ್ದಕ್ಕೆ ಅಡ್ಡಗೆರೆ ಎಳೆದು, ಹೊಸದಾಗಿ ನಾಲ್ಕು ಸಾಲು ಬರೆದು, ಗಟ್ಟಿಯಾಗಿ ಓದಿದರು. 'ಸದರಿ ನಕ್ಷೆಯಲ್ಲಿ ಬಾಗಿಲು ಗುರುತಿಸದೆ ಇರುವುದು ಕಂಡುಬಂದಿದೆ. ಶೋಧ ಪ್ರಗತಿಯಲ್ಲಿದೆ. ಬಾಗಿಲು ಪತ್ತೆಯಾಗಿ ನಮೂದಾಗುವವರೆಗೆ ನಕ್ಷೆಯನ್ನು ಸ್ಥಳದಿಂದ ತೆಗೆಯತಕ್ಕದ್ದಲ್ಲ.'

ಇದಕ್ಕಾದರೆ ಹಾಕುತ್ತೇನೆ ಅಂತ ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು, ತಮಿಳಿನಲ್ಲಿ ನಿಧಾನಕ್ಕೆ, ದುಂಡಗೆ ಸಹಿ ಹಾಕಿದರು.

ಅಟೆಂಡರ್ ಏಣಿ ಹೊತ್ತುಕೊಂಡು ಹೋದ. ಮೆಟ್ಟಿಲವರೆಗೆ ನಾನು ಮೇಸ್ತ್ರಿಯ ಜೊತೆ ಬಂದೆ. ಅವರು ಇಳಿಯುತ್ತಾ ನಕ್ಷೆಯ ಮುಂದೆ ಇನ್ನೊಮ್ಮೆ ನಿಂತು ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟು ಅಂದರು:

"ಬೇಗ ಹುಡುಕ್ಸಿ ಸಾರ್. ಒಳಗೆ ಜನ ಇದಾರೆ."